ಕ್ಯೂಪರ್ಟಿನೊ ಕಡೆ ಹೈಸ್ಕೂಲು: ಯಾವ ಶಾಲೆ, ಎಷ್ಟು ಎಪಿ, ಆಟ ಬಿಡಿಸಬೇಕಾ?

ಪ್ಲೇನೋ ಅಮ್ಮ

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ಟೆಕ್ಸಸ್‌ನ ಪ್ಲೇನೋದಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬರುತ್ತಿದ್ದೇವೆ. ಯಜಮಾನರ ಆಫೀಸು ಸನಿವೇಲ್‌ನಲ್ಲಿ. ಮಗಳು ಎಂಟನೇ ಕ್ಲಾಸು ಮುಗಿಸುತ್ತಿದ್ದಾಳೆ, ಆಗಸ್ಟಿನಲ್ಲಿ ಒಂಬತ್ತಕ್ಕೆ ಸೇರಬೇಕು. ಬಾಡಿಗೆ ಮನೆ ಹುಡುಕುತ್ತಿದ್ದೇವೆ, ಆದರೆ ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಟ್ಟಿದೆ. ಮಾಂಟಾ ವಿಸ್ಟಾ ಹೈಸ್ಕೂಲು ಬಿಟ್ಟು ಬೇರೆ ಕಡೆ ನೋಡಲೇಬೇಡಿ ಅನ್ನುತ್ತಾರೆ ಒಬ್ಬರು. ಅಲ್ಲಿಗೆ ಮಾತ್ರ ಹಾಕಬೇಡಿ, ಮಗು ಒತ್ತಡದಲ್ಲಿ ಸೊರಗಿ ಹೋಗುತ್ತೆ ಅನ್ನುತ್ತಾರೆ ಇನ್ನೊಬ್ಬರು.

ಮಗಳಿಗೆ ಶಟಲ್ ಅಂದರೆ ಪ್ರಾಣ. ಓದಿನಲ್ಲಿ ಚೆನ್ನಾಗಿದ್ದಾಳೆ, ಆದರೆ ಮೊದಲ ಬೆಂಚಿನ ಪೈಕಿ ಅಲ್ಲ. ಎಪಿ ಅಂತ ಕಾಲೇಜು ಮಟ್ಟದ ಕೋರ್ಸು ಎಷ್ಟು ತಗೊಳ್ಳಬೇಕು ಅಂತಲೂ ಗೊತ್ತಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಆಟ ಬಿಡಿಸಿ ಅಂತ ನಮ್ಮ ಮೈದುನನ ಸಲಹೆ. ಅನುಭವ ಇರುವವರು ದಯವಿಟ್ಟು ಹೇಳಿ.

ರಾಂಚೋ ರಾಯರು

ಸ್ವಾಗತ ಮೇಡಂ. ಮೊದಲು ಮನೆ ವಿಚಾರ. ಇಲ್ಲಿ ವಿಳಾಸ ನೋಡಿಯೇ ಶಾಲೆ ಕೊಡೋದು. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ದೊಡ್ಡ ಶಾಲೆಗಳು ಐದು: ಕ್ಯೂಪರ್ಟಿನೊ ಹೈ, ಮಾಂಟಾ ವಿಸ್ಟಾ, ಹೋಮ್‌ಸ್ಟೆಡ್, ಲಿನ್‌ಬ್ರುಕ್, ಫ್ರೀಮಾಂಟ್ ಹೈ. ಹೆಸರು ನೋಡಿ ಮೋಸ ಹೋಗಬೇಡಿ. ಫ್ರೀಮಾಂಟ್ ಹೈ ಇರೋದು ಸನಿವೇಲ್‌ನಲ್ಲಿ. ಫ್ರೀಮಾಂಟ್ ಅನ್ನೋ ಊರಿಗೂ ಅದಕ್ಕೂ ಸಂಬಂಧ ಇಲ್ಲ. ಲಿನ್‌ಬ್ರುಕ್ ಇರೋದು ಸ್ಯಾನ್ ಹೋಸೆಯ ಪಶ್ಚಿಮದ ಅಂಚಿನಲ್ಲಿ. ಮನೆ ಬಾಡಿಗೆ ಜಾಹೀರಾತಿನಲ್ಲಿ ಹಾಕಿರುವ ಶಾಲೆಯ ಹೆಸರನ್ನು ನಂಬಬೇಡಿ. ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಮನೆ ನಂಬರ್ ಸಮೇತ ಹಾಕಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಐದಕ್ಕೂ ದುಡ್ಡು ಬರೋದು ಒಂದೇ ಹುಂಡಿಯಿಂದ. ಇಲ್ಲಿನ ಆಸ್ತಿ ತೆರಿಗೆ ರಾಜ್ಯದ ಅನುದಾನದ ಲೆಕ್ಕಕ್ಕಿಂತ ಜಾಸ್ತಿ ಬರುತ್ತೆ, ಅದಕ್ಕೇ ಇದನ್ನು ಬೇಸಿಕ್ ಏಡ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಎಪಿ ಕ್ಯಾಲ್ಕುಲಸ್ ಬಿ.ಸಿ. ಕೋರ್ಸು ಬೇಕಾ, ಐದೂ ಕಡೆ ಇದೆ. ಬದಲಾಗೋದು ಅಕ್ಕಪಕ್ಕ ಕೂರುವ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು. ಫ್ರೀಮಾಂಟ್ ಹೈ ಮತ್ತು ಹೋಮ್‌ಸ್ಟೆಡ್‌ನಲ್ಲಿ ಎಲ್ಲ ಥರದ ಮನೆಗಳ ಮಕ್ಕಳೂ ಸಿಗುತ್ತಾರೆ. ಮಾಂಟಾ ವಿಸ್ಟಾ, ಲಿನ್‌ಬ್ರುಕ್‌ನಲ್ಲಿ ಬಹುಪಾಲು ನಮ್ಮಂಥವರು ಮತ್ತು ಚೀನೀಯರು. 2005ರಲ್ಲೇ ವಾಲ್ ಸ್ಟ್ರೀಟ್ ಜರ್ನಲ್ ಈ ಎರಡು ಶಾಲೆಗಳ ಬಗ್ಗೆ ಬರೆದಿತ್ತು, ಓದಿನ ಪೈಪೋಟಿ ನೋಡಿ ಬಿಳಿಯರ ಕುಟುಂಬಗಳು ಜಾಗ ಖಾಲಿ ಮಾಡುತ್ತಿವೆ ಅಂತ.

ಮಾಂಟಾ ವಿಸ್ಟಾ ಹತ್ತಿರ ಮನೆ ಮಾಡಿದರೆ ಬೆಳಗ್ಗೆ ಮೆಕ್ಲೆಲನ್ ರಸ್ತೆಗೆ ಕಾರು ತೆಗೆಯಬೇಡಿ. ಹೈಸ್ಕೂಲು, ಕೆನಡಿ ಮಿಡಲ್ ಸ್ಕೂಲು, ಲಿಂಕನ್ ಎಲಿಮೆಂಟರಿ ಮೂರೂ ಒಂದೇ ಕಡೆ. ಸಿಲ್ಕ್ ಬೋರ್ಡ್ ಜ್ಞಾಪಕ ಬರುತ್ತೆ.

ಲೆಕ್ಕದ ಸಾರ್

ಓದಿನ ಬಗ್ಗೆ ನಾನು ಹೇಳುತ್ತೇನೆ. ಇಬ್ಬರು ಮಕ್ಕಳು ಇಲ್ಲೇ ಮುಗಿಸಿದ್ದಾರೆ.

ಟೆಕ್ಸಸ್‌ನಿಂದ ಬರುವವರಿಗೆ ದೊಡ್ಡ ವ್ಯತ್ಯಾಸ ಅಂದರೆ ರ‍್ಯಾಂಕು. ಅಲ್ಲಿ ಕ್ಲಾಸಿನಲ್ಲಿ ಎಷ್ಟನೆಯವರು ಅನ್ನೋದರ ಮೇಲೆ ಯುಟಿ ಆಸ್ಟಿನ್ ಸೀಟು ನಿಂತಿರುತ್ತೆ. ಇಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿಯವರು ಶಾಲೆಯ ಮೇಲಿನ 9 ಪರ್ಸೆಂಟ್ ಅಂತ ಒಂದು ಲೆಕ್ಕ ಇಟ್ಟಿದ್ದಾರೆ. ಅದನ್ನು ಹಿಂದಿನ ಬ್ಯಾಚಿನ ಅಂಕ ನೋಡಿ ಗೆರೆ ಎಳೆದಿರುತ್ತಾರೆ. ಆ ಗೆರೆ ದಾಟಿದವರೆಲ್ಲ ಅದರೊಳಗೆ. ಹಾಗಾಗಿ ಪಕ್ಕದ ಬೆಂಚಿನವಳಿಗೆ ನೋಟ್ಸ್ ಕೊಟ್ಟರೆ ನಿಮ್ಮ ಮಗಳಿಗೆ ನಷ್ಟ ಏನೂ ಇಲ್ಲ. ಇಲ್ಲಿ ಎಷ್ಟೋ ಅಪ್ಪಂದಿರಿಗೇ ಇದು ಗೊತ್ತಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಆ 9ರೊಳಗೆ ಬಂದರೆ ಯುಸಿಯಲ್ಲಿ ಎಲ್ಲೋ ಒಂದು ಕಡೆ ಜಾಗ ಸಿಗಬಹುದು. ಬರ್ಕ್ಲಿ ಕ್ಯಾಂಪಸ್ಸೇ ಸಿಗುತ್ತೆ ಅಂತೇನಿಲ್ಲ.

ಯುಸಿಗೆ 'ಎ-ಜಿ' ಅಂತ 15 ಕೋರ್ಸು ಬೇಕು. ಹನ್ನೊಂದು 12ನೇ ಕ್ಲಾಸಿಗೆ ಮೊದಲೇ ಮುಗಿದಿರಬೇಕು. ಎಲ್ಲದರಲ್ಲೂ ಕನಿಷ್ಠ ಸಿ ಗ್ರೇಡ್. ಜಿಪಿಎಗೆ, ಅಂದರೆ ಗ್ರೇಡಿನ ಸರಾಸರಿಗೆ, ಹಿಡಿಯೋದು 10 ಮತ್ತು 11ನೇ ಕ್ಲಾಸಿನ ಗ್ರೇಡು. ಒಂಬತ್ತನೇ ಕ್ಲಾಸಿನ ಗ್ರೇಡು ಆ ಲೆಕ್ಕಕ್ಕೆ ಬರೋದಿಲ್ಲ, ಕೋರ್ಸು ಪಾಸಾಗಿದ್ದರೆ ಸಾಕು. ಎಪಿ, ಆನರ್ಸ್ ಕೋರ್ಸಿಗೆ ಒಂದು ಪಾಯಿಂಟು ಜಾಸ್ತಿ ಕೊಡುತ್ತಾರೆ, ಆದರೆ ಎಂಟು ಸೆಮಿಸ್ಟರಿಗೆ ಮಾತ್ರ. ಅಂದರೆ ಪೂರ್ತಿ ವರ್ಷದ ನಾಲ್ಕು ಎಪಿ ಆದ ಮೇಲೆ ಆ ಬೋನಸ್ ನಿಂತೇ ಹೋಯಿತು. ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕವನ್ನು ಯುಸಿ ನೋಡೋದೇ ಇಲ್ಲ.

ಹಾಗಂತ ಎಪಿ ಕಡಿಮೆ ತಗೊಳ್ಳಿ ಅಂತಲ್ಲ. ಎಷ್ಟು ಕಷ್ಟದ ಕೋರ್ಸು ತಗೊಂಡಿದ್ದಾರೆ ಅಂತಲೂ ನೋಡುತ್ತಾರೆ. ನನ್ನ ಪ್ರಕಾರ ಹತ್ತನೇ ಕ್ಲಾಸಿನಲ್ಲಿ ಒಂದು ಎರಡು, ಹನ್ನೊಂದರಲ್ಲಿ ಮೂರು ನಾಲ್ಕು ಇದ್ದರೆ ಒಳ್ಳೇದು. ಒಂಬತ್ತರಲ್ಲಿ ಹೋಗಿ ಬರುವ ದಾರಿ ತಿಳಿದರೆ ಸಾಕು.

ಜಯನಗರ ನಾಲ್ಕನೇ ಬ್ಲಾಕ್

ಸಾರ್, ನೀವು ಹೇಳೋದು ಕಾಗದದ ಮೇಲೆ ಸರಿ. ಪಕ್ಕದ ಮನೆಯವಳು ಹತ್ತರಲ್ಲೇ ಕ್ಯಾಲ್ಕುಲಸ್ ಮಾಡುತ್ತಿರುವಾಗ ನಮ್ಮವಳು ಶಟಲ್ ಆಡುತ್ತಾ ಕೂತರೆ ಆಗುತ್ತಾ? ನಾವೆಲ್ಲ ಪಿಯುಸಿಯಲ್ಲಿ ಆಟ, ಟಿವಿ ಎಲ್ಲ ಬಿಟ್ಟು ಸಿಇಟಿಗೆ ಓದಿದವರು. ಅದಕ್ಕೇ ಇಲ್ಲಿಗೆ ಬಂದು ಕೂತಿದ್ದೇವೆ. ಆಟದಿಂದ ಕಾಲೇಜು ಸೀಟು ಸಿಗುತ್ತೆ ಅಂತ ಎಷ್ಟು ಜನ ದುಡ್ಡು ಸುರಿಯುತ್ತಾರೆ, ಎಷ್ಟು ಜನಕ್ಕೆ ಸಿಗುತ್ತೆ ಹೇಳಿ. ಹೈಸ್ಕೂಲಿನಲ್ಲಿ ಆಡುವ ನೂರು ಜನರಲ್ಲಿ ಸುಮಾರು ಏಳು ಜನ ಮುಂದೆ ಎನ್‌ಸಿಎಎ, ಅಂದರೆ ಕಾಲೇಜು ಆಟಗಳ ಸಂಸ್ಥೆಯ ತಂಡದಲ್ಲಿ ಆಡುತ್ತಾರೆ ಅಷ್ಟೆ. ಅದೂ ಎಲ್ಲ ಡಿವಿಷನ್ ಸೇರಿ. ಬ್ಯಾಡ್ಮಿಂಟನ್ ಅಂತೂ ಎನ್‌ಸಿಎಎ ಆಟವೇ ಅಲ್ಲ.

ಸೋಮವಾರದ ಹುಡುಗಿ

ನಾನು ಇಲ್ಲೇ ಹುಟ್ಟಿ ಬೆಳೆದವಳು, ಈ ಡಿಸ್ಟ್ರಿಕ್ಟಿನಲ್ಲೇ ಓದಿದೆ. ಕನ್ನಡ ಕಲಿತಿದ್ದು ವಾರಾಂತ್ಯದ ಕ್ಲಾಸಿನಲ್ಲಿ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಂಕಲ್, ನೀವು ಹೇಳಿದ ಏಳು ಪರ್ಸೆಂಟ್ ನಿಜ. ಆದರೆ ನನ್ನ ತಂಡದಲ್ಲಿ ಯಾರೂ ಕಾಲೇಜಿಗಾಗಿ ಆಡುತ್ತಿರಲಿಲ್ಲ.

ಕಾಲೇಜಿನಲ್ಲಿ ಈಗ ಯಾರ ಜೊತೆ ಮಾತಾಡಿದರೂ ಹೈಸ್ಕೂಲಿನ ಅದೇ ಕಥೆ. ರಾತ್ರಿ ಒಂದು ಗಂಟೆಗೆ ಗ್ರೇಡ್ ಪೋರ್ಟಲ್ ತೆರೆದು ನೋಡೋದು. 89.4 ಇದ್ದರೆ ಬಿ, 89.5 ಆದರೆ ಎ ಮಾಡುತ್ತಾರಾ ಅಂತ ಟೀಚರಿಗೆ ಮೇಲ್ ಬರೆಯೋದು. ಊಟದ ಹೊತ್ತಿನಲ್ಲೂ 'ನಿಂಗೆಷ್ಟು ಬಂತು'. ನನಗೆ ಅದರಿಂದ ದಿನಕ್ಕೆ ಎರಡು ಗಂಟೆ ರಜಾ ಸಿಗುತ್ತಿದ್ದದ್ದು ಆಟದ ಹೊತ್ತಿನಲ್ಲಿ ಮಾತ್ರ. ಕೋರ್ಟಿನಲ್ಲಿ ಯಾರೂ ಗ್ರೇಡ್ ಕೇಳೋದಿಲ್ಲ. ಬಾಲ್ ಎತ್ತೋಕೆ ಬರುತ್ತಾ ಅಂತ ಕೇಳುತ್ತಾರೆ.

ಒಂದು ವರ್ಷ ನನ್ನ ಕೌನ್ಸೆಲರ್ 'ಇಷ್ಟು ಎಪಿ ಸಾಕು' ಅಂದಾಗ ಅಪ್ಪ ಹೋಗಿ ಗಲಾಟೆ ಮಾಡಿ ಇನ್ನೊಂದು ಹಾಕಿಸಿದರು. ಶಾಲೆಯ ಹೆಸರು ಹೇಳೋದಿಲ್ಲ, ತಪ್ಪು ಶಾಲೆಯದಲ್ಲ. ಆ ವರ್ಷ ನಾನು ಆಟ ಬಿಟ್ಟೆ. ಗ್ರೇಡೂ ಇಳಿಯಿತು. ಮುಂದಿನ ವರ್ಷ ಅಮ್ಮ ಅಪ್ಪನಿಗೆ ಹೇಳದೆಯೇ ಆಟದ ಫಾರಂಗೆ ಸಹಿ ಹಾಕಿ ಕಳಿಸಿದರು.

ಜಯನಗರ ನಾಲ್ಕನೇ ಬ್ಲಾಕ್

ಆಯ್ತಮ್ಮ. ನಿಮ್ಮ ತಾಯಿ ಗಟ್ಟಿಗಿತ್ತಿ.

ಧಾರವಾಡ ಪೇಡೆ

ನೋಡ್ರಿ ಅಕ್ಕಾರೆ, ನಮ್ಮ ಮಗನ ಕತಿ ಕೇಳ್ರಿ. ಅವನಿಗೆ ಬೇಕಾಗಿದ್ದು ಕ್ರಿಕೆಟ್. ಕ್ಯೂಪರ್ಟಿನೊದಾಗ ಕ್ಯಾಲಿಫೋರ್ನಿಯಾ ಕ್ರಿಕೆಟ್ ಅಕಾಡೆಮಿ ಐತಿ, ಅಲ್ಲಿ ಆಡತಿದ್ದ. ಶಾಲಿಯೊಳಗ ಕ್ರಿಕೆಟ್ ಇಲ್ಲ, ರಾಜ್ಯದ ಹೈಸ್ಕೂಲ್ ಆಟ ನಡಸೋ ಸಿಐಎಫ್ ಸಂಸ್ಥೆಯ ಪಟ್ಟಿಯೊಳಗ ಆ ಆಟನ ಇಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಾಗ ಕ್ರಿಕೆಟ್ ಐತಿ, ಶಾಲಿಯೊಳಗ ಇಲ್ಲ. ಇರ್ಲಿ ಬಿಡ್ರಿ. ಅವನ ಗೆಳೆಯರು ಕ್ರಾಸ್ ಕಂಟ್ರಿ ಅಂತ ಗುಡ್ಡಗಾಡಿನಾಗ ದೂರ ಓಡೋ ಆಟಕ್ಕ ಎಳಕೊಂಡು ಹೋದರು. ಅದರೊಳಗ ಯಾರನ್ನೂ ತೆಗದು ಹಾಕೂದಿಲ್ಲ, ಓಡಾಕ ಬಂದರ ಸಾಕು.

ಬೆಲ್ಮಾಂಟಿನ ಕ್ರಿಸ್ಟಲ್ ಸ್ಪ್ರಿಂಗ್ಸ್ ಅಂತ ಒಂದು ಓಟದ ದಾರಿ ಐತಿ. 2.95 ಮೈಲು, ಬರೇ ಗುಡ್ಡ, ಬರೇ ಧೂಳು. ಮುಂದಿನ ಹುಡುಗರು ಮುಗಿಸಿ ನೀರು ಕುಡದು ಬೂಟು ಬಿಚ್ಚಿ ಕುಂತಿರತಾರ, ನಮ್ಮವ ಇನ್ನೂ ಗುಡ್ಡದ ತಿರುವಿನಾಗ. ಮಾರಿ ತುಂಬ ಕೆಂಪು ಮಣ್ಣು, ಕಣ್ಣಷ್ಟ ಕಾಣತಿದ್ದವು. ಅಷ್ಟು ಹಿಂದಿದ್ದರೂ ತಂಡದ ಹುಡುಗರು ಹಗ್ಗದ ಎರಡೂ ಕಡೆ ನಿಂತು ಹೆಸರು ಹಿಡದು ಕೂಗತಿದ್ದರು. ಎದುರಾಳಿ ಶಾಲಿಯವರೂ ಕೂಗಿದರು ನೋಡ್ರಿ. ನಮ್ಮ ಕಾಲದಾಗ ಕೊನಿಗೆ ಬಂದವನಿಗೆ ಯಾರ್ರೀ ಚಪ್ಪಾಳೆ ಹೊಡದಿದ್ದರು?

ಪ್ಲೇನೋ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ರಾಯರೇ, ಹೋಮ್‌ಸ್ಟೆಡ್ ವ್ಯಾಪ್ತಿಯಲ್ಲಿ ಒಂದು ಮನೆ ಸಿಕ್ಕ ಹಾಗಿದೆ, ಯಜಮಾನರಿಗೆ ಹತ್ತಿರ. ಶಟಲ್ ಹೇಗೆ? ತಂಡಕ್ಕೆ ಸೇರೋದು ಕಷ್ಟಾನಾ? ಆಟಕ್ಕೆ ಫೀಸ್ ಎಷ್ಟು?

ರಾಂಚೋ ರಾಯರು

ಹೋಮ್‌ಸ್ಟೆಡ್ ಒಳ್ಳೇ ಶಾಲೆ. ಸ್ಟೀವ್ ವೋಜ್ನಿಯಾಕ್ 1968ರಲ್ಲಿ, ಸ್ಟೀವ್ ಜಾಬ್ಸ್ 1972ರಲ್ಲಿ ಅಲ್ಲಿಂದಲೇ ಹೊರಗೆ ಬಂದವರು. ಆಪಲ್ ಕತೆ ಹೇಳಿ ಬಾಡಿಗೆ ಜಾಸ್ತಿ ಮಾಡಿದರೆ ಒಪ್ಪಬೇಡಿ.

ಶಟಲ್ ಮಾವ

ಇದು ನನ್ನ ವಿಷಯ. ಪ್ರಕಾಶ್ ಪಡುಕೋಣೆ ಊರಿನವರು ನಾವು, ಶಟಲ್ ಬಗ್ಗೆ ಕೇಳಿದರೆ ಸುಮ್ನೆ ಇರೋಕಾಗಲ್ಲ.

ಇಲ್ಲಿ ವರ್ಷಕ್ಕೆ ಮೂರು ಸೀಸನ್. ಆಗಸ್ಟಿನಿಂದ ಅಮೆರಿಕನ್ ಫುಟ್‌ಬಾಲ್, ಕ್ರಾಸ್ ಕಂಟ್ರಿ, ವಾಟರ್ ಪೋಲೊ, ಹುಡುಗಿಯರ ವಾಲಿಬಾಲ್ ಮತ್ತು ಟೆನಿಸ್. ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್, ಸಾಕರ್, ಕುಸ್ತಿ. ವಸಂತದಲ್ಲಿ ಬ್ಯಾಡ್ಮಿಂಟನ್, ಈಜು, ಟ್ರ್ಯಾಕ್, ಬೇಸ್‌ಬಾಲ್ ಎಲ್ಲ. ಟೆಕ್ಸಸ್‌ನಲ್ಲಿ ಊರಿಗೆ ಊರೇ ಫುಟ್‌ಬಾಲ್ ನೋಡೋಕೆ ಬರುತ್ತೆ ಅಂತಾರೆ, ಇಲ್ಲಿ ಶುಕ್ರವಾರ ರಾತ್ರಿ ಗ್ಯಾಲರಿಯಲ್ಲಿ ಬ್ಯಾಂಡಿನ ಅಪ್ಪ ಅಮ್ಮಂದಿರೇ ಜಾಸ್ತಿ. ಆದರೆ ಬ್ಯಾಡ್ಮಿಂಟನ್ ತಂಡದ ಆಯ್ಕೆಗೆ, ಅಂದರೆ ಟ್ರೈಔಟಿಗೆ, ಬಂದು ನೋಡಿ, ಜಿಮ್ ತುಂಬಿರುತ್ತೆ. ಅರ್ಧ ಮಕ್ಕಳು ಖಾಸಗಿ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಕೋಚಿಂಗ್ ತಗೊಂಡವರು. ಸುಳ್ಳು ಹೇಳೋದಿಲ್ಲ, ತಂಡಕ್ಕೆ ಸೇರೋದು ಕಷ್ಟ ಇದೆ.

ಹುಡುಗರು ಹುಡುಗಿಯರು ಒಂದೇ ತಂಡ. ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್ ಎಲ್ಲ ಗೆಲುವೂ ಸೇರಿ ಶಾಲೆಯ ಅಂಕ. ಅದಕ್ಕೇ ಸಿಂಗಲ್ಸ್‌ನಲ್ಲಿ ಸಾಧಾರಣ ಇರುವ ಹುಡುಗಿಗೂ ಒಳ್ಳೇ ಡಬಲ್ಸ್ ಆಟ ಇದ್ದರೆ ಜಾಗ ಇರುತ್ತೆ. ನೆಟ್ ಹತ್ತಿರದ ಕೈ ಚುರುಕು ಮಾಡಿಸಿ, ಸರ್ವಿಸ್ ರಿಟರ್ನ್ ಮಾಡಿಸಿ. ಎಲ್ಲರೂ ಸ್ಮ್ಯಾಶ್ ಹೊಡೆದು ತೋರಿಸೋಕೆ ಹೋಗುತ್ತಾರೆ. ಕಡಿಮೆ ಎತ್ತರದ ಸರ್ವಿಸ್ ಹತ್ತಕ್ಕೆ ಹತ್ತು ಒಳಗೆ ಬೀಳಿಸುವವಳು ಕೋಚ್ ಕಣ್ಣಿಗೆ ಬೇಗ ಬೀಳುತ್ತಾಳೆ. ಮೊದಲ ವರ್ಷ ವಾರ್ಸಿಟಿ ಅನ್ನೋ ಮುಖ್ಯ ತಂಡ ಸಿಗದಿದ್ದರೆ ಬೇಜಾರು ಬೇಡ, ಜೂನಿಯರ್ ವಾರ್ಸಿಟಿಯೂ ತಂಡವೇ.

ಫೀಸ್ ವಿಷಯ: ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಶಾಲೆ ಆಟಕ್ಕೆ, ಬ್ಯಾಂಡಿಗೆ ಫೀಸ್ ಕೇಳುವ ಹಾಗಿಲ್ಲ. ರಾಜ್ಯದ ಸಂವಿಧಾನದಲ್ಲೇ ಶಿಕ್ಷಣ ಉಚಿತ ಅಂತ ಇದೆ. ಕೆಲವು ಶಾಲೆಗಳು ವಸೂಲಿ ಮಾಡುತ್ತಿವೆ ಅಂತ 2010ರಲ್ಲಿ ಕೇಸು ಹಾಕಿದರು, 2012ರಲ್ಲಿ ಎಬಿ 1575 ಅಂತ ಕಾನೂನೇ ಬಂತು. ಹಾಗಾಗಿ ನಿಮಗೆ ಬರುವ ಪತ್ರದಲ್ಲಿ 'ದೇಣಿಗೆ' ಅಂತ ಇರುತ್ತೆ, ಮೊತ್ತವನ್ನೂ ಅವರೇ ಹಾಕಿರುತ್ತಾರೆ. ಕೊಡೋದಾದರೆ ಕೊಡಿ, ಕೋಚ್, ಬಸ್ಸು ಎಲ್ಲ ಅದರಲ್ಲೇ ನಡೆಯುತ್ತೆ. ಕೊಡೋಕೆ ಆಗದಿದ್ದರೆ ಮಗುವನ್ನು ಆಟದಿಂದ ಹೊರಗಿಡುವ ಹಾಗಿಲ್ಲ.

ಬ್ಯಾಂಡ್ ಅಮ್ಮ

ಬ್ಯಾಂಡಿನ ಅಪ್ಪ ಅಮ್ಮಂದಿರ ಹೆಸರು ಬಂದಿದ್ದಕ್ಕೆ ಬಂದೆ. ನಿಮ್ಮ ಮಗಳು ಯಾವುದಾದರೂ ವಾದ್ಯ ನುಡಿಸುತ್ತಾಳಾ? ಹೋಮ್‌ಸ್ಟೆಡ್ ಮಾರ್ಚಿಂಗ್ ಬ್ಯಾಂಡ್ ಈ ಕಡೆ ಹೆಸರು ಮಾಡಿದ್ದು. ಬೇಸಿಗೆಯಲ್ಲೇ ಬ್ಯಾಂಡ್ ಕ್ಯಾಂಪು ಶುರು. ಪಾರ್ಕಿಂಗ್ ಲಾಟಿನ ಡಾಂಬರಿನ ಮೇಲೆ ಚಾಕಿನಲ್ಲಿ ಗೆರೆ ಹಾಕಿ, ಐದು ಗಜಕ್ಕೆ ಎಂಟು ಹೆಜ್ಜೆ ಅಂತ ಲೆಕ್ಕದಲ್ಲಿ ನಡೆಯೋದು ಕಲಿಸುತ್ತಾರೆ. ಕೊಳಲು ಹಿಡಿದ ನನ್ನ ಮಗ ಮನೆಯಲ್ಲಿ ಅಡುಗೆಮನೆಯಿಂದ ಹಾಲಿಗೂ ಅದೇ ಹೆಜ್ಜೆಯಲ್ಲಿ ಬರುತ್ತಿದ್ದ.

ಶನಿವಾರ ಸ್ಪರ್ಧೆ. ಅಪ್ಪಂದಿರು ಟ್ರಕ್ಕಿಗೆ ಡ್ರಮ್ಮು ಹೇರುತ್ತಾರೆ, ಅಮ್ಮಂದಿರು ಯೂನಿಫಾರಂ ಜಿಪ್ ಹಾಕುತ್ತಾರೆ. ಕನ್ನಡ ಕೂಟದ ರಾಜ್ಯೋತ್ಸವ ಕಾರ್ಯಕ್ರಮ ಪ್ರತಿ ವರ್ಷ ಇದಕ್ಕೇ ಅಡ್ಡ ಬಂದು ತಪ್ಪಿ ಹೋಗುತ್ತಿತ್ತು. ನಮ್ಮವರ ಮನೆಯ ಮಕ್ಕಳು ಬ್ಯಾಂಡಿನಲ್ಲಿ ಜಾಸ್ತಿಯೇ ಇದ್ದಾರೆ, ಕಲರ್ ಗಾರ್ಡಿನಲ್ಲಿ ಬಾವುಟ ಎಸೆದು ಹಿಡಿಯೋದಕ್ಕೆ ಭರತನಾಟ್ಯ ಕಲಿತ ಹುಡುಗಿಯರು ಬೇಗ ಹೊಂದಿಕೊಳ್ಳುತ್ತಾರೆ.

ಪ್ಲೇನೋ ಅಮ್ಮ

ಅಯ್ಯೋ, ಅವಳಿಗೆ ಸಂಗೀತ ಅಂದರೆ ದೂರ ಓಡುತ್ತಾಳೆ. ಬರೆಯೋದು ಇಷ್ಟ. ನಮ್ಮ ಪರಿಚಯದವರು ಎಫ್‌ಬಿಎಲ್‌ಎ, ಡೆಕಾ ಅಂತ ಬಿಸಿನೆಸ್ ಕ್ಲಬ್ಬಿಗೆ ಸೇರಿಸಿ, ಕಾಲೇಜಿಗೆ ಚೆನ್ನಾಗಿ ಕಾಣುತ್ತೆ ಅಂತಿದ್ದಾರೆ.

ಸೋಮವಾರದ ಹುಡುಗಿ

ಆಂಟಿ, ಬರೆಯೋದು ಇಷ್ಟ ಅಂದರೆ ದಯವಿಟ್ಟು ಪತ್ರಿಕೆಗೆ ಸೇರಿಸಿ. ಹೋಮ್‌ಸ್ಟೆಡ್‌ನಲ್ಲಿ ದಿ ಎಪಿಟಾಫ್, ಮಾಂಟಾ ವಿಸ್ಟಾದಲ್ಲಿ ಎಲ್ ಎಸ್ಟೋಕೆ, ಲಿನ್‌ಬ್ರುಕ್‌ನಲ್ಲಿ ದಿ ಎಪಿಕ್ ಇದೆ. ಸಾಮಾನ್ಯವಾಗಿ ಒಂಬತ್ತರಲ್ಲಿ ಪತ್ರಿಕೋದ್ಯಮದ ಆರಂಭದ ಕೋರ್ಸು ಮಾಡಿ ಆಮೇಲೆ ತಂಡಕ್ಕೆ ಹೋಗೋದು. ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಪತ್ರಿಕೆಗೆ 1977ರಿಂದ ಕಾನೂನಿನ ರಕ್ಷಣೆ ಇದೆ. ಮಾನಹಾನಿ, ಅಶ್ಲೀಲ, ಗಲಭೆಗೆ ಪ್ರಚೋದನೆ ಅಂಥದ್ದು ಬಿಟ್ಟರೆ, ಪ್ರಿನ್ಸಿಪಾಲರಿಗೆ ಹಿಡಿಸಲಿಲ್ಲ ಅಂತ ಲೇಖನ ತಡೆಯುವ ಹಾಗಿಲ್ಲ. 1988ರಲ್ಲಿ ಸುಪ್ರೀಂ ಕೋರ್ಟು ಪ್ರಿನ್ಸಿಪಾಲರ ಕಡೆಗೆ ವಾಲಿದಾಗಲೂ ಈ ರಾಜ್ಯದ ಕಾನೂನು ಹಾಗೇ ನಿಂತಿತು. ಹದಿನೈದರ ಹುಡುಗಿ ಸ್ಕೂಲ್ ಬೋರ್ಡ್ ಮೀಟಿಂಗಿನಲ್ಲಿ ನೋಟ್‌ಬುಕ್ ಹಿಡಿದು ಕೂತು, ಆಮೇಲೆ ದೊಡ್ಡವರಿಗೆ ಫೋನ್ ಮಾಡಿ 'ನೀವು ಹೇಳಿದ್ದು ಹೀಗೇ ತಾನೇ' ಅಂತ ಕೇಳುತ್ತಾಳೆ. ಇದನ್ನು ಯಾವ ಟ್ಯೂಷನ್ನಿನಲ್ಲಿ ಕಲಿಸುತ್ತಾರೆ?

ಡೆಕಾ ಬೇಡ ಅಂತಲ್ಲ, ಮಾತಾಡೋದು ಇಷ್ಟ ಇರುವವರಿಗೆ ಅದು ಸರಿ. ಸುಮ್ನೆ ಹೆಸರಿಗೆ ಹತ್ತು ಕ್ಲಬ್ ಬೇಡ. ಕಾಮನ್ ಆಪ್ ಅನ್ನೋ ಕಾಲೇಜು ಅರ್ಜಿಯಲ್ಲಿ ಹತ್ತು ಚಟುವಟಿಕೆಗೆ ಜಾಗ, ಒಂದೊಂದರ ವಿವರಕ್ಕೆ 150 ಅಕ್ಷರ. ಅಷ್ಟರಲ್ಲಿ ಹೇಳೋಕೆ ನಿಜವಾಗಿ ಏನಾದರೂ ಮಾಡಿರಬೇಕಲ್ವಾ?

ಲೆಕ್ಕದ ಸಾರ್

ಕೈಯಲ್ಲಿ ಕೆಲಸ ಮಾಡೋಕೆ ಇಷ್ಟ ಇದ್ದರೆ ರೋಬೋಟಿಕ್ಸ್ ಕೂಡ ನೋಡಲಿ. ಸ್ಪರ್ಧೆಯಲ್ಲಿ ತಂಡಗಳನ್ನು ನಂಬರಿನಿಂದ ಕರೆಯುತ್ತಾರೆ: ಹೋಮ್‌ಸ್ಟೆಡ್ ತಂಡ 670, ಮಾಂಟಾ ವಿಸ್ಟಾ 115, ಲಿನ್‌ಬ್ರುಕ್ 846, ಕ್ಯೂಪರ್ಟಿನೊ ಹೈ 2473. ಜನವರಿಯಲ್ಲಿ ಒಂದೇ ದಿನ ಎಲ್ಲ ತಂಡಕ್ಕೂ ಆಟದ ನಿಯಮ ಬಿಡುಗಡೆ ಆಗುತ್ತೆ. ಅಲ್ಲಿಂದ ಮುಂದೆ ಕೆಲವು ವಾರ ಮಗ ಮನೆಗೆ ಬರೋದು ನಿದ್ದೆಗೆ ಮಾತ್ರ. ಅಲ್ಲೂ ಬರೆಯುವವರು ಬೇಕು, ಸ್ಪಾನ್ಸರ್‌ಗಳಿಗೆ ಪತ್ರ ಬರೆಯೋದೇ ಒಂದು ದೊಡ್ಡ ಕೆಲಸ.

ಮತ್ತೆ ಒಂದು ಎಚ್ಚರಿಕೆ. ಬಹಳ ಜನ ಬೇಸಿಗೆಯಲ್ಲಿ ಕ್ಯೂಪರ್ಟಿನೊದ ಡಿ ಆಂಜಾ ಕಮ್ಯುನಿಟಿ ಕಾಲೇಜಿನಲ್ಲಿ ಕೋರ್ಸು ಮಾಡಿಸಿ ಅನ್ನುತ್ತಾರೆ. ಹೈಸ್ಕೂಲು ಮಕ್ಕಳಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ, ಒಳ್ಳೇ ಅವಕಾಶ. ಆದರೆ ಅಲ್ಲಿ ಬಂದ ಗ್ರೇಡು ಅವಳ ಕಾಲೇಜು ದಾಖಲೆಯಲ್ಲಿ ಶಾಶ್ವತ. ಹನ್ನೆರಡು ವಾರದ ಪಾಠವನ್ನು ಆರು ವಾರಕ್ಕೆ ಒತ್ತಿ ಕೊಟ್ಟಿರುತ್ತಾರೆ. ಮನೆ ಬದಲಾಯಿಸುವ ಬೇಸಿಗೆಯಲ್ಲಂತೂ ಬೇಡವೇ ಬೇಡ.

ಕನ್ನಡ ಕ್ಲಾಸ್ ಟೀಚರ್

ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ಯುಸಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಎರಡು ವರ್ಷ ಬೇಕು, ಮೂರಾದರೆ ಒಳ್ಳೇದು. ಬಹಳ ಮಕ್ಕಳು ಸ್ಪ್ಯಾನಿಷ್ ತಗೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾಕ್ಕೆ ರಾಜ್ಯದ ದ್ವಿಭಾಷಾ ಮುದ್ರೆ ಹಾಕುತ್ತಾರೆ. ಕನ್ನಡಕ್ಕೆ ಎಪಿ ಪರೀಕ್ಷೆ ಇಲ್ಲ, ಹಾಗಾಗಿ ಬೇರೆ ಯಾವ ಪರೀಕ್ಷೆ ಒಪ್ಪುತ್ತಾರೆ ಅಂತ ಒಂಬತ್ತರಲ್ಲೇ ಕೌನ್ಸೆಲರ್‌ನ ಕೇಳಿ ಬರೆದಿಟ್ಟುಕೊಳ್ಳಿ. ಹನ್ನೆರಡರಲ್ಲಿ ಕೇಳಿದರೆ ತಡ ಆಗಿರುತ್ತೆ. ಮಗಳಿಗೆ ಓದು ಬರಹ ಬರುತ್ತಾ?

ಪ್ಲೇನೋ ಅಮ್ಮ

ಮಾತು ಚೆನ್ನಾಗಿ ಬರುತ್ತೆ ಟೀಚರ್, ಓದೋದು ನಿಧಾನ. ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಬಂದ ತಕ್ಷಣ ನಿಮ್ಮ ಕ್ಲಾಸಿಗೆ ಹಾಕುತ್ತೇನೆ. ಊಟ ಹೇಗೆ? ಮೊಟ್ಟೆ ಕೂಡ ತಿನ್ನಲ್ಲ ಇವಳು.

ಬ್ಯಾಂಡ್ ಅಮ್ಮ

2022ರಿಂದ ರಾಜ್ಯದ ಎಲ್ಲ ಸರ್ಕಾರಿ ಶಾಲೆಯಲ್ಲೂ ತಿಂಡಿ, ಊಟ ಎಲ್ಲ ಮಕ್ಕಳಿಗೂ ಪುಕ್ಕಟೆ. ಸಸ್ಯಾಹಾರ ಸಿಗುತ್ತೆ, ಆದರೆ ಚೀಸ್ ಪಿಜ್ಜಾ, ಬೀನ್ಸ್ ಬರಿಟೊ ತಿಂದು ಬೇಜಾರಾಗುತ್ತೆ. ಚಿತ್ರಾನ್ನದ ಡಬ್ಬಿ ಕಟ್ಟಿ. ಗೆಳತಿಯರಿಗೂ ಸೇರಿಸಿ ಕಟ್ಟಿ, ಇಲ್ಲದಿದ್ದರೆ ಇವಳಿಗೆ ಉಳಿಯಲ್ಲ.

ಬೆಳಗ್ಗೆ ಗಡಿಬಿಡಿ ಕಡಿಮೆ. 2022ರ ಜುಲೈನಿಂದ ಹೈಸ್ಕೂಲು 8:30ಕ್ಕಿಂತ ಮೊದಲು ಶುರು ಮಾಡುವ ಹಾಗಿಲ್ಲ. ಮಕ್ಕಳು ನಿದ್ದೆ ಮಾಡಲಿ ಅಂತ ಮಾಡಿದ ಕಾನೂನು. ನನ್ನ ಮಗ ಅಷ್ಟು ಹೊತ್ತು ಜಾಸ್ತಿ ಫೋನ್ ನೋಡಿದ, ಅದು ಬೇರೆ ಮಾತು. ಶಾಲೆ ಬಸ್ಸು ಇರೋದಿಲ್ಲ, ಸೈಕಲ್ ಅಭ್ಯಾಸ ಮಾಡಿಸಿ.

ಶಟಲ್ ಮಾವ

ಮೇಡಂ, ಒಂದು ಐಡಿಯಾ. ಶಟಲ್ ಟ್ರೈಔಟ್ ವಸಂತ ಕಾಲದ್ದು, ಫೆಬ್ರವರಿ ಸುಮಾರಿಗೆ. ಅಲ್ಲಿವರೆಗೆ ಅರ್ಧ ವರ್ಷ ಹೊಸ ಊರಿನಲ್ಲಿ ಯಾರ ಪರಿಚಯವೂ ಇಲ್ಲದೆ ಕೂರೋದು ಬೇಡ. ಪೇಡೆ ಸಾಹೇಬರು ಹೇಳಿದ ಕ್ರಾಸ್ ಕಂಟ್ರಿಗೆ ಹಾಕಿ. ಆಗಸ್ಟಿನಲ್ಲಿ ಶಾಲೆ ಶುರುವಾಗೋದಕ್ಕೂ ಮೊದಲೇ ಅಭ್ಯಾಸ ಶುರು ಆಗುತ್ತೆ, ಮೊದಲ ದಿನ ಕ್ಲಾಸಿಗೆ ಹೋಗುವಾಗ ನಾಲ್ಕು ಮುಖ ಪರಿಚಯ ಇರುತ್ತೆ. ಕಾಲಿಗೆ ಶಕ್ತಿ ಬಂದರೆ ಶಟಲ್‌ಗೂ ಲಾಭ. ಗ್ರೇಡು ಸರಾಸರಿ 2.0 ಇದ್ದರೆ ಆಡೋಕೆ ಅರ್ಹತೆ, ನಿಮ್ಮ ಮಗಳಿಗೆ ಅದು ಸಮಸ್ಯೆ ಅಲ್ಲ. ಒಂಬತ್ತನೇ ಕ್ಲಾಸಿಗೆ ಹೊಸದಾಗಿ ಸೇರುವವರಿಗೆ ಟ್ರಾನ್ಸ್‌ಫರ್ ತಾಪತ್ರಯವೂ ಇಲ್ಲ. ಹತ್ತರಲ್ಲೋ ಹನ್ನೊಂದರಲ್ಲೋ ಬಂದಿದ್ದರೆ ಫಾರಂ ಮೇಲೆ ಫಾರಂ ತುಂಬಬೇಕಿತ್ತು.

ಜಯನಗರ ನಾಲ್ಕನೇ ಬ್ಲಾಕ್

ಓಡೋದು ಸರಿ. ಆದರೆ ಗಣಿತ ಪ್ಲೇಸ್‌ಮೆಂಟ್, ಅಂದರೆ ಯಾವ ಹಂತದ ಗಣಿತಕ್ಕೆ ಹಾಕುತ್ತಾರೆ ಅಂತ, ವಿಚಾರಿಸಿ ಮೇಡಂ. ಪ್ಲೇನೋದಲ್ಲಿ ಆಲ್ಜಿಬ್ರಾ ಮುಗಿಸಿದ್ದರೆ ಜೂನ್‌ನಲ್ಲೇ ಶಾಲೆಯಿಂದ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತಗೊಂಡು ಬನ್ನಿ. ಇಲ್ಲಿ ಬಂದ ಮೇಲೆ ತರಿಸೋಕೆ ಹೋದರೆ ಬೇಸಿಗೆ ರಜೆಯಲ್ಲಿ ಅಲ್ಲಿ ಫೋನ್ ಎತ್ತುವವರೇ ಇರೋದಿಲ್ಲ.

ಪ್ಲೇನೋ ಅಮ್ಮ

ಇದು ಹೊಳೆದೇ ಇರಲಿಲ್ಲ ಸರ್, ನಾಳೆಯೇ ಕೇಳುತ್ತೇನೆ. ಮಗಳಿಗೆ ಈ ಚರ್ಚೆ ಓದಿ ಹೇಳಿದೆ. ಓಡೋದು ಓಕೆ, ಪತ್ರಿಕೆ ಓಕೆ, ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳು ಅಂದಳು.

ಶಟಲ್ ಮಾವ

ಹಾಗಾದರೆ ಇನ್ನೊಂದು ಕೆಲಸ ಮುಗಿಸಿಕೊಂಡೇ ಬನ್ನಿ. ಆಟಕ್ಕೆ ಡಾಕ್ಟರ್ ತಪಾಸಣೆಯ ಫಾರಂ ಇಲ್ಲದೆ ಮೊದಲ ದಿನದ ಅಭ್ಯಾಸಕ್ಕೂ ಬಿಡೋದಿಲ್ಲ, ಪ್ರತಿ ವರ್ಷ ಹೊಸದು ಬೇಕು. ಇಲ್ಲಿ ಬಂದು ಹೊಸ ಇನ್ಶೂರೆನ್ಸು, ಹೊಸ ಡಾಕ್ಟರು ಅಂತ ಹುಡುಕುವಷ್ಟರಲ್ಲಿ ಆಗಸ್ಟ್ ಕಳೆದಿರುತ್ತೆ. ಶಾಲೆಯ ವೆಬ್‌ಸೈಟಿನಿಂದ ಅವರದೇ ಫಾರಂ ಪ್ರಿಂಟ್ ತೆಗೆದು ಪ್ಲೇನೋ ಡಾಕ್ಟರ ಹತ್ತಿರವೇ ಸಹಿ ಹಾಕಿಸಿ. ತಾರೀಖು ಹಾಕಿದ್ದಾರಾ ನೋಡಿಕೊಳ್ಳಿ, ಅದನ್ನೇ ಮರೆತಿರುತ್ತಾರೆ.